ಕಾಗೆಬಂಗಾರದ ಮರಳು

ಬೇಸಿಗೆಯ ಕೊನೆಯ ಶುಕ್ರವಾರ, ಬೆಳಗಿನ ಹತ್ತು ಗಂಟೆ. ಹೊಳೆಯ ಮರಳು ಅಂಗಾಲು ಸುಡಲು ಶುರುವಾಗುವ ಹೊತ್ತು. ಆ ಹೊತ್ತಿಗೆ ಕೊಡೆ ಸಾಹೇಬರು ಆಮೆಮರಿ ಮಾಡಿಸುವ ಮರಿಮನೆಯ ಮೇಜಿನ ಮೇಲೆ ಒಂದು ಮೊಟ್ಟೆ ಇಟ್ಟು, ಕೋಳಿ ಮೇಷ್ಟ್ರನ್ನು ಎದುರಿಗೆ ಕೂರಿಸಿದರು.

“ಇದನ್ನ ಕೈಗೆ ತಗೊಳ್ಳಿ,” ಎಂದರು.

ಮೇಷ್ಟ್ರು ತೆಗೆದುಕೊಂಡರು. ಎರಡೇ ಬೆರಳಿನಲ್ಲಿ, ಗುರುತು ಮೇಲಿರುವ ಹಾಗೆ, ಒಂದಿಷ್ಟೂ ಹೊರಳಿಸದೆ. ಎರಡು ವರ್ಷ ಈ ಮನೆಯಲ್ಲಿ ಕಲಿತ ಕೈ ಅದು. ಕೋಳಿಯ ಮೊಟ್ಟೆಯನ್ನು ಹೊರಳಿಸದಿದ್ದರೆ ಮರಿ ಸಾಯುತ್ತದೆ. ಆಮೆಯ ಮೊಟ್ಟೆಯನ್ನು ಹೊರಳಿಸಿದರೆ ಮರಿ ಸಾಯುತ್ತದೆ. ಅದಕ್ಕೇ ಮೊಟ್ಟೆ ತಂದ ದಿನವೇ ಅದರ ನೆತ್ತಿಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುತ್ತೇವೆ. ಆ ಗೆರೆ ಮರಿ ಆಗುವ ತನಕ ಆಕಾಶ ನೋಡುತ್ತಲೇ ಇರಬೇಕು. ಗೆರೆ ಎಳೆಯುವ ಕೆಲಸ ನನ್ನದು.

ಸೋಮವಾರ ನನ್ನ ಒದ್ದೆ ಹೆಬ್ಬೆರಳಿಗೆ ಸುಣ್ಣ ಅಂಟಿದಾಗಲೇ ನಮಗೆ ತಿಳಿದದ್ದು, ಮರಳುಪೆಟ್ಟಿಗೆಯಲ್ಲಿದ್ದ ಹದಿನೇಳೂ ನಮ್ಮ ಮೊಟ್ಟೆಗಳಲ್ಲ ಎಂದು.

ಜೀವ ಹಿಡಿದ ಮೊಟ್ಟೆಯ ನೆತ್ತಿಯಲ್ಲಿ ಬಿಳಿ ಮಚ್ಚೆ ಮೂಡುತ್ತದೆ. ಬರಡು ಮೊಟ್ಟೆಗೆ ಮೂಡುವುದಿಲ್ಲ. ಯಾರೋ ಬರಡು ಮೊಟ್ಟೆಗೆ ಸುಣ್ಣ ಬಳಿದು, ಗೆರೆ ಎಳೆದು, ನಮ್ಮ ಮರಳಿನಲ್ಲಿ ಹೂತಿಟ್ಟಿದ್ದರು. ಹಿತ್ತಲ ತೊಟ್ಟಿಯಲ್ಲಿ ಗಂಡಿಲ್ಲದೆ ಬದುಕುತ್ತಿರುವ ಕೆರೆಯಾಮೆಯ ಮೊಟ್ಟೆಗಳು ಅವು ಎಂದು ಡಾಕ್ಟರಮ್ಮ ಅಂದೇ ಹೇಳಿದ್ದರು. ಹೇಳಿದವರು ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಮರಿಮನೆ ಅವರು ಹನ್ನೊಂದು ವರ್ಷ ಹೆಣಗಿ ಕಟ್ಟಿದ್ದು.

ಕಳೆದುಹೋದವು ಎಂಥ ಮೊಟ್ಟೆ ಎಂದು ಹೇಳದಿದ್ದರೆ ಈ ಕಥೆಗೆ ಅರ್ಥವಿಲ್ಲ. ಹೊಳೆಯಲ್ಲಿ ಉಳಿದಿದ್ದ ಒಂದೇ ಒಂದು ಹೆಣ್ಣು ಮರಳಾಮೆ ಇಟ್ಟವು ಅವು. ಇಟ್ಟ ಎಂಟನೆಯ ದಿನ ಆ ತಾಯಿ ಮರಳೆತ್ತುವ ಯಂತ್ರದ ಹಲ್ಲಿಗೆ ಸಿಕ್ಕು ಸತ್ತಿತು. ನಾನು ಹುಡುಗಿಯಾಗಿದ್ದಾಗ ಹೊಳೆಯ ಮರಳು ದಿಬ್ಬಗಳಲ್ಲಿ ಆಮೆಯ ಗೂಡು ತುಳಿಯದೆ ಬುಟ್ಟಿ ಇಳಿಸಲು ಜಾಗ ಹುಡುಕಬೇಕಿತ್ತು. ನಲವತ್ತು ವರ್ಷ ಆ ದಿಬ್ಬಗಳನ್ನು ಹೊತ್ತು ಹಾಕಿದ ತಲೆಗಳಲ್ಲಿ ನನ್ನದೂ ಒಂದು. ಎಲ್ಲರೂ ನನ್ನನ್ನು ಮರಳಜ್ಜಿ ಎನ್ನುವುದು ಅದಕ್ಕೇ.

ಉಳಿದ ಒಂದೇ ದಿಬ್ಬವನ್ನು ಮುಟ್ಟಬಾರದು ಎಂದು ನ್ಯಾಯಾಲಯದ ಆಜ್ಞೆ ಇತ್ತು. ಆದರೆ ಮರಳಾಮೆಯ ಸಂತಾನ ಇರುವ ತನಕ ಮಾತ್ರ. ಬರುವ ಸೋಮವಾರ ಮತ್ತೆ ವಿಚಾರಣೆ. ಅಂದು ಜೀವವಿರುವ ಮೊಟ್ಟೆ ತೋರಿಸದಿದ್ದರೆ ಮಂಗಳವಾರ ಯಂತ್ರಗಳು ದಿಬ್ಬಕ್ಕೆ ಇಳಿಯುತ್ತವೆ. ಮರಿಮನೆಗೆ ಬೀಗ ಬೀಳುತ್ತದೆ.

ಪೆಟ್ಟಿಗೆಯ ಕೋಣೆಯ ಬೀಗದ ಕೈ ಇದ್ದದ್ದು ನಾಲ್ವರ ಹತ್ತಿರ. ಡಾಕ್ಟರಮ್ಮ. ಯಂತ್ರಗಳ ಬಿಸಿ ನೋಡಿಕೊಳ್ಳುವ ಕೋಳಿ ಮೇಷ್ಟ್ರು; ಮೊದಲು ಕೋಳಿಮರಿ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದು, ಹತ್ತಾರು ಜನಕ್ಕೆ ಕೆಲಸ ಕಲಿಸಿದ್ದರಿಂದ ಆ ಹೆಸರು. ನಾನು. ಮತ್ತೆ ನನ್ನ ಮೈದುನ. ಅವನು ದೋಣಿ ನಡೆಸುತ್ತಾನೆ, ವಾರಕ್ಕೊಮ್ಮೆ ಪೆಟ್ಟಿಗೆಗೆ ಹೊಸ ಮರಳು ತಂದು ಹಾಕುತ್ತಾನೆ.

ಮಂಗಳವಾರದಿಂದ ನಾನು ಮನಸ್ಸಿನೊಳಗೆ ಬೇಡಿಕೊಳ್ಳುತ್ತಿದ್ದುದನ್ನು ಈಗ ಹೇಳಿಬಿಡುತ್ತೇನೆ. ಕದ್ದವನು ನನ್ನ ಮೈದುನನೇ ಆಗಿರಲಿ ಎಂದು ಬೇಡುತ್ತಿದ್ದೆ. ಅವನಾದರೆ ಮೊಟ್ಟೆ ಬದುಕಿರುತ್ತವೆ. ಆಮೆಯ ಮೊಟ್ಟೆ ಎತ್ತುವುದನ್ನು ನಾವಿಬ್ಬರೂ ಒಂದೇ ದಿಬ್ಬದಲ್ಲಿ ಕಲಿತವರು. ಬೇರೆಯವರ ಕೈಯಾದರೆ ಯಾವ ಭರವಸೆಯೂ ಇಲ್ಲ. ಗಂಡನ ತಮ್ಮ ಜೈಲಿಗೆ ಹೋಗಲಿ ಎಂದು ಬೇಡುವ ಅತ್ತಿಗೆ ಎಂಥವಳೋ, ನೀವೇ ಅಂದುಕೊಳ್ಳಿ.

ಕೊಡೆ ಸಾಹೇಬರು ಕಾಡುಪ್ರಾಣಿಗಳ ಕಳವಿನ ತನಿಖೆಗೆಂದು ಮೇಲಿನ ಕಚೇರಿ ಕಳಿಸಿದವರು. ಮಂಗಳವಾರ ಬಂದರು. ಬುಧವಾರ ಇಡೀ ದಿನ ಪಟ್ಟಣದ ಕಚೇರಿಯಲ್ಲಿ ಕಾಗದ ನೋಡುತ್ತಿದ್ದೆ ಎಂದರು. ಗುರುವಾರ ಮತ್ತೆ ಬಂದರು. ಬಿಸಿಲಿದ್ದರೂ ಬಿಚ್ಚದ, ನೆರಳಿದ್ದರೂ ಬಿಡದ ಕಪ್ಪು ಕೊಡೆಯೊಂದು ಅವರ ಕೈಯಲ್ಲಿ. ಮಾತು ಕಡಿಮೆ, ಕೇಳುವುದು ಹೆಚ್ಚು. ಬಂದ ದಿನವೇ ನನ್ನ ಗೆರೆ ಎಳೆಯುವ ಪೆನ್ಸಿಲನ್ನು ಸಾಕ್ಷಿಗೆ ಬೇಕೆಂದು ಕೇಳಿ ಪಡೆದಿದ್ದರು. ಬಡಗಿಯವರ ಚಪ್ಪಟೆ ಪೆನ್ಸಿಲ್ ಅದು. ಅರ್ಧವೇ ಯಾಕಿದೆ ಎಂದು ಕೇಳಿದ್ದರು. ಇನ್ನರ್ಧ ಮುರಿದು ಮೈದುನನಿಗೆ ಕೊಟ್ಟಿದ್ದೇನೆ, ದಡದಲ್ಲೇ ಗುರುತು ಹಾಕಬೇಕಾದಾಗ ಬೇಕಾಗುತ್ತದೆ ಎಂದು ಹೇಳಿದ್ದೆ. ಕೇಳಿದ್ದಕ್ಕೆ ಇದ್ದದ್ದು ಹೇಳುವುದು ನನ್ನ ರೂಢಿ.

ಈಗ ಆ ಕೊಡೆ ಮೂಲೆಯಲ್ಲಿ ಒರಗಿತ್ತು. ಅದರ ತುದಿಯ ಕಬ್ಬಿಣಕ್ಕೆ ಒಣಗಿದ ಮರಳು ಅಂಟಿತ್ತು. ಕಿಟಕಿಯ ಬಿಸಿಲಿಗೆ ಅದರಲ್ಲಿ ಎರಡು ಮೂರು ಕಾಗೆಬಂಗಾರದ ಚೂರು ಮಿನುಗಿದವು. ನಮ್ಮ ದಡದ ಮರಳು ಮಂಕು. ಕಾಗೆಬಂಗಾರ ಬೆರೆತ ಮರಳು ಸಿಗುವುದು ಆಚೆ ದಡದಲ್ಲಿ, ಹೊಳೆ ತಿರುಗುವ ಕಡೆ. ಮರಳು ಹೊತ್ತವಳ ಕಣ್ಣು ಇಂಥದ್ದನ್ನು ಹೇಳದೆ ಕೇಳದೆ ನೋಡಿಬಿಡುತ್ತದೆ. ನೋಡಿದೆ, ಬಿಟ್ಟೆ. ನನ್ನ ಜೀವವೆಲ್ಲ ಮೇಜಿನ ಮೇಲಿತ್ತು.

ಸಾಹೇಬರು ಎದ್ದು ಕಿಟಕಿಯ ಪರದೆ ಅರ್ಧ ಎಳೆದರು. ಬಿಸಿಲು ಒಂದು ಪಟ್ಟಿಯಾಗಿ ಮೇಜಿನ ಮೇಲೆ ಓರೆಯಾಗಿ ಬಿತ್ತು.

“ಈಗ ಅದನ್ನ ತಿರುಗಿಸಿ ಮೇಷ್ಟ್ರೇ. ಹೊಟ್ಟೆ ಮೇಲೆ ಮಾಡಿ.”

ಮೇಷ್ಟ್ರು ನನ್ನ ಮುಖ ನೋಡಿದರು. ಬರಡು ಮೊಟ್ಟೆ ತಾನೆ, ತಿರುಗಿಸಿ ಎಂದೆ. ತಿರುಗಿಸಿದರು.

ಮೊಟ್ಟೆಯ ಹೊಟ್ಟೆಯಲ್ಲಿ ಇನ್ನೊಂದು ಗುರುತಿತ್ತು. ಯಾರೋ ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸಿದ್ದರು. ನೇರ ಬೆಳಕಿಗೆ ಕಾಣುತ್ತಿರಲಿಲ್ಲ. ಓರೆ ಬೆಳಕಿಗೆ ಸೊನ್ನೆಯಂತೆ ಕಂಡಿತು. ನೆತ್ತಿಯಲ್ಲಿ, ಸುಣ್ಣದ ಅಡಿಯಲ್ಲಿ, ಒಂದು ಗುಣಿಸು ಗುರುತು. ಹದಿನೇಳಕ್ಕೂ ಹೀಗೇ ಇತ್ತು.

ಸಾಹೇಬರು ನನ್ನ ಕಡೆ ತಿರುಗಿ, ನಿನ್ನೆ ತಮಗೆ ಹೇಳಿದ್ದನ್ನು ಇನ್ನೊಮ್ಮೆ ಹೇಳಬೇಕು ಎಂದರು.

ನಾನು ಹೇಳಿದೆ. ಮೇಷ್ಟ್ರು ಕೆಲಸಕ್ಕೆ ಸೇರಿದ ಮೂರನೆಯ ದಿನ, ಹೊರಗಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ಕೋಳಿಮೊಟ್ಟೆಗೆ ಹೇಗೆ ಗುರುತು ಹಾಕಬೇಕೆಂದು ನನಗೆ ವಿವರಿಸಿದ್ದರು. ಒಂದು ಬದಿಗೆ ಗುಣಿಸು, ಇನ್ನೊಂದು ಬದಿಗೆ ಸೊನ್ನೆ. ಬೆಳಗ್ಗೆ ಗುಣಿಸು ಮೇಲೆ, ಸಂಜೆ ಸೊನ್ನೆ ಮೇಲೆ. ಹಾಗಿದ್ದರೆ ಯಾವ ಮೊಟ್ಟೆ ತಿರುಗಿಸಿದ್ದೇವೆ, ಯಾವುದು ಮರೆತಿದ್ದೇವೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದಂತೆ.

ಮೇಷ್ಟ್ರು ನಗಲು ನೋಡಿದರು. “ಅಷ್ಟು ಹಿಂದಿನ ಮಾತು ನಿಮಗೆ ನೆನಪಿದೆಯಾ ಅಜ್ಜಿ?”

“ಸಕ್ಕರೆ ಸಾಲದು ಅಂತ ಎರಡು ಸಲ ಹಾಕಿಸ್ಕೊಂಡಿದ್ದೂ ನೆನಪಿದೆ,” ಎಂದೆ.

ಅವರು ನಗಲಿಲ್ಲ. ಗುಣಿಸು, ಸೊನ್ನೆ ಯಾರು ಬೇಕಾದರೂ ಬರೆಯಬಹುದು, ಒಂದನೆಯ ತರಗತಿಯ ಮಗುವೂ ಬರೆಯುತ್ತದೆ ಎಂದರು. ಸಾಹೇಬರು ಒಪ್ಪಿಕೊಂಡರು. ಒಪ್ಪಿಕೊಳ್ಳುವುದೇ ಅವರ ರೀತಿ. ಎದುರಿನವನ ಕಾಲಿಗೆ ನೆಲ ಸಿಕ್ಕಿತು ಅನ್ನಿಸಿದಾಗ ಮುಂದಿನ ಪ್ರಶ್ನೆ ಕೇಳುತ್ತಾರೆ. ಈ ಮನೆಯಲ್ಲಿ ಕೋಳಿ ಸಾಕಿದವರು ಬೇರೆ ಯಾರಿದ್ದಾರೆ ಎಂದರು. ಡಾಕ್ಟರಮ್ಮ ಹೆಬ್ಬಾವನ್ನು ಹೆಗಲಿಗೆ ಹಾಕಿಕೊಂಡಾರು, ಕೋಳಿ ರೆಕ್ಕೆ ಬಡಿದರೆ ಮೇಜು ಹತ್ತುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ನನ್ನ ಮನೆಯಲ್ಲಿ ಕೋಳಿ ಇಲ್ಲ. ಮೈದುನನ ಮನೆಯಲ್ಲೂ ಇಲ್ಲ.

“ನಿಮ್ಮ ಮನೇಲಿ ಈಗಲೂ ಮರಿ ಮಾಡಿಸ್ತೀರಂತೆ?”

“ಸಣ್ಣದಾಗಿ. ಹಿತ್ತಲಲ್ಲಿ.”

“ಮೊಟ್ಟೆಗೆ ಗುರುತು ಹಾಕೋರು?”

“ನನ್ನ ಹೆಂಡತಿ.”

“ಹಾಗಾದ್ರೆ ಅವರನ್ನೇ ಇಲ್ಲಿಗೆ ಕರೆಸೋಣ. ಈ ಸೊನ್ನೆ ಅವರ ಕೈದಾ ಅಂತ ಕೇಳೋಣ.”

ಮೇಷ್ಟ್ರ ಕೈಯಲ್ಲಿದ್ದ ಮೊಟ್ಟೆ ಮೇಜಿಗೆ ತಾಗಿ ಸಣ್ಣ ಸದ್ದಾಯಿತು.

“ಬೇಡ ಸಾಹೇಬ್ರೇ. ಅವಳಿಗೇನೂ ಗೊತ್ತಿಲ್ಲ.”

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವರಿಗೆ ಹೊಳೆಯಿತು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಒರೆಸಿದರು.

ಆಮೇಲೆ ಎಲ್ಲವೂ ಒಂದೊಂದಾಗಿ ಹೊರಬಂತು. ಅವರ ಅಳಿಯ ಮರಳು ಗುತ್ತಿಗೆದಾರನ ಲಾರಿ ಓಡಿಸುತ್ತಾನೆ. ಮಗಳು ಬಸುರಿ. ಗುತ್ತಿಗೆದಾರನ ಕಡೆಯವರು ಬಂದು, ಮೊಟ್ಟೆ ಮರಿಯಾಗಬಾರದು, ಆದರೆ ಕಳವಾದಂತೆಯೂ ಕಾಣಬಾರದು, ತಾವಾಗಿಯೇ ಕೆಟ್ಟುಹೋದಂತೆ ಇರಬೇಕು ಎಂದರಂತೆ. ಇಲ್ಲದಿದ್ದರೆ ಅಳಿಯ ಯಾವ ತಿರುವಿನಲ್ಲಿ ಲಾರಿ ಸಮೇತ ಉರುಳುತ್ತಾನೋ ಹೇಳಲಾಗದು ಎಂದರಂತೆ. ಮೇಷ್ಟ್ರು ತೊಟ್ಟಿಯ ಆಮೆ ಎರಡು ಸಲ ಇಟ್ಟ ಬರಡು ಮೊಟ್ಟೆಗಳನ್ನು ಎಸೆಯುತ್ತೇನೆಂದು ಹೇಳಿ ಮನೆಗೊಯ್ದು, ಕೋಳಿಮೊಟ್ಟೆಗಳ ನಡುವೆ ಅಡಗಿಸಿಟ್ಟರು. ಹೆಂಡತಿ ಕೆಲಸದಲ್ಲಿ ಅಚ್ಚುಕಟ್ಟು. ಗೂಡಿನಲ್ಲಿ ಕಂಡ ಮೊಟ್ಟೆಗಳಿಗೆಲ್ಲ ಹಳೆಯ ರೂಢಿಯಂತೆ ಗುಣಿಸು ಸೊನ್ನೆ ಹಾಕಿಬಿಟ್ಟಳು. ಒರೆಸಿದರು. ಒರೆಸಿದ್ದು ಹೋಯಿತು ಎಂದುಕೊಂಡರು. ಹೋದ ಗುರುವಾರ ಅದಲು ಬದಲು ಮಾಡಿದರು.

ಸಾಹೇಬರು ಬರೆದುಕೊಳ್ಳುತ್ತಿದ್ದರು. ನನಗೆ ಗುತ್ತಿಗೆದಾರ ಬೇಕಿರಲಿಲ್ಲ, ಅಳಿಯ ಬೇಕಿರಲಿಲ್ಲ.

“ನಮ್ಮವು ಎಲ್ಲಿ ಮೇಷ್ಟ್ರೇ?”

“ಒಡೆಯೋಕೆ ಅಂತಲೇ ಒಯ್ದೆ ಅಜ್ಜಿ. ಕೈ ಬರಲಿಲ್ಲ. ಬಿಸಿ ತಪ್ಪಬಾರದು ಅಂತ ನಮ್ಮ ಮೆಷಿನ್‌ನಲ್ಲಿ ಇಟ್ಟಿದ್ದೀನಿ. ಕೆಳಗಿನ ತಟ್ಟೆಗೆ ಮರಳಲ್ಲಿದ್ದಷ್ಟೇ ಬಿಸಿ. ದಿನಾ ನೋಡ್ತೀನಿ.”

“ಯಾವ ಮೆಷಿನ್?”

“ಅದೇ, ಕೋಳಿದು.”

“ಅದರ ತಟ್ಟೆ ತಾನಾಗೇ ಹೊರಳಲ್ವಾ?”

ಮೇಷ್ಟ್ರ ಬಾಯಿ ತೆರೆಯಿತು. ಇಪ್ಪತ್ತು ವರ್ಷ ಆ ಯಂತ್ರದ ಜೊತೆ ಬದುಕಿದವರು. ಅದರ ಬಿಸಿ ನೋಡಿದ್ದರು, ಅದರ ನೀರು ನೋಡಿದ್ದರು. ಅದು ಹೊರಳಿಸುತ್ತದೆ ಎಂಬುದು ಅವರಿಗೆ ಉಸಿರಾಡಿದಷ್ಟು ಸಹಜ. ಅದಕ್ಕೇ ಅದೊಂದನ್ನು ಮಾತ್ರ ನೋಡಲಿಲ್ಲ.

“ಗಂಟೆಗೊಂದು ಸಲ,” ಎಂದರು. ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಎಂಟು ದಿನ. ಗಂಟೆಗೊಂದು ಸಲ. ಆ ಲೆಕ್ಕ ಮಾಡಲು ನನಗೆ ಶಾಲೆ ಬೇಕಿರಲಿಲ್ಲ.

*

ಮೇಷ್ಟ್ರ ಮನೆ ಜೀಪಿನಲ್ಲಿ ಹತ್ತು ನಿಮಿಷ. ಮೇಷ್ಟ್ರ ಪಕ್ಕದಲ್ಲಿ ಒಬ್ಬ ಪೊಲೀಸಿನವ ಕೂತಿದ್ದ. ನಾನು ಮಡಿಲಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡಿದ್ದೆ, ತಳಕ್ಕೆ ಮರಳು ಹಾಸಿ. ಯಾಕೆ ತಂದೆನೋ.

ಹೆಂಡತಿ ಬಾಗಿಲಲ್ಲಿ ಸಿಕ್ಕಳು. ದುಂಡು ಮುಖದ, ಬಾಯಿ ತುಂಬ ಮಾತಿನ ಹೆಣ್ಣು. ಗಂಡನ ಜೊತೆ ಇಷ್ಟು ಜನ ಬಂದದ್ದು ನೋಡಿ ಊಟಕ್ಕೆ ಬಂದಿರಬೇಕು ಎಂದುಕೊಂಡು, ಹೇಳಿ ಕಳಿಸಬಾರದಿತ್ತೇ ಎಂದು ಅವರನ್ನು ಗದರಿಸಿದಳು. ಸಾಹೇಬರ ಕೊಡೆ ನೋಡಿ, ಸುಡು ಬಿಸಿಲಲ್ಲಿ ಕೊಡೆ ಮಡಚಿ ಹಿಡಿದು ಬರುವವರನ್ನು ಇದೇ ಮೊದಲು ಕಂಡೆ ಎಂದು ನಕ್ಕಳು. ಯಾರೂ ನಗದಿದ್ದಾಗ ಸೆರಗನ್ನು ಬಾಯಿಗೆ ತಂದುಕೊಂಡಳು.

ಹಿತ್ತಲ ಕೊಟ್ಟಿಗೆಯಲ್ಲಿ ಬಟ್ಟೆಯ ಕಪಾಟಿನಷ್ಟು ದೊಡ್ಡ ಮರದ ಪೆಟ್ಟಿಗೆ. ಮುಂದೆ ಗಾಜು. ಒಳಗೆ ಹಳದಿ ದೀಪ. ಕೆಳಗಿನ ತಟ್ಟೆಯಲ್ಲಿ ನಮ್ಮ ಮೊಟ್ಟೆಗಳು ಕಂಡವು. ಕೋಳಿಮೊಟ್ಟೆಗಳ ಕೆಳಗೆ ಗುಂಡಗೆ, ಬಿಳಿಯಾಗಿ.

“ಬಾತುಕೋಳಿದು ಅಂದ್ರು ಇವರು,” ಎಂದಳು ಆಕೆ ನನ್ನ ಕಿವಿಯ ಹತ್ತಿರ. “ನಾನೂ ಅಂದೆ, ಇಷ್ಟು ಗುಂಡಗೆ ಇಡೋ ಬಾತುಕೋಳಿ ಯಾವ ಲೋಕದ್ದು ಅಂತ.”

ಅವಳು ಹೇಳುತ್ತಿರುವಾಗಲೇ ಪೆಟ್ಟಿಗೆಯೊಳಗೆ ಟಕ್ ಎಂದಿತು. ತಟ್ಟೆ ತಾನಾಗಿ ಓರೆಯಾಯಿತು. ಹದಿನೇಳೂ ಒಟ್ಟಿಗೆ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿದವು. ಗಾಜಿನ ಮೇಲೆ ಕೈ ಇಟ್ಟುಕೊಂಡು ನೋಡಿದೆ. ನನ್ನ ಗಂಡ ಹೊಳೆಯ ಗುಂಡಿಯಲ್ಲಿ ಮುಳುಗಿದ ದಿನವೂ ನಾನು ಹೀಗೆ ನೋಡುತ್ತ ನಿಂತಿರಲಿಲ್ಲ.

ಬಾಗಿಲು ತೆರೆದು ತಟ್ಟೆ ಹಿಡಿದೆ. ಒಂದೊಂದನ್ನೇ ಎತ್ತಿ ದೀಪದ ಮುಂದೆ ಹಿಡಿದು ನೋಡಿದೆ. ನೆತ್ತಿಯಲ್ಲಿ ಬಿಳಿ ಮಚ್ಚೆ ಇತ್ತು. ಬೆರಳಿಗೆ ಬರದ, ನಿಜವಾದ ಮಚ್ಚೆ. ಮಚ್ಚೆಯ ನಡುವೆ ಚಪ್ಪಟೆ ಸೀಸದ ಅಗಲ ಗೆರೆ, ನನ್ನ ಗೆರೆ. ಒಳಗೆ ಕಪ್ಪು ನೆರಳು. ಜೀವವಿದ್ದರೆ ಆ ನೆರಳಿನ ಸುತ್ತ ಕೆಂಪು ನರಗಳು ಬೇರಿನ ಹಾಗೆ ಹಬ್ಬಿರುತ್ತವೆ. ಹದಿನೇಳರಲ್ಲಿ ಒಂದರಲ್ಲೂ ಇರಲಿಲ್ಲ. ನೆರಳು ಮಾತ್ರ ತಳಕ್ಕೆ ಕೂತಿತ್ತು.

ಒಂದು ಮೊಟ್ಟೆ ಬಿರುಕು ಬಿಟ್ಟು ವಾಸನೆ ಬರುತ್ತಿತ್ತು. ಅದನ್ನು ಹೊರಗೆ ತಂದು ಬಾವಿಕಟ್ಟೆಯ ಮೇಲೆ ಕೂತು ಬಿಡಿಸಿದೆ. ಹೂಳುವ ಮೊದಲು ಒಂದನ್ನಾದರೂ ನೋಡಬೇಕು ಅನ್ನಿಸಿತು. ಮರಳಾಮೆಯ ವಂಶದ ಕೊನೆಯದನ್ನು ನೋಡದೆ ಮಣ್ಣಿಗೆ ಹಾಕುವುದು ಸರಿಯಲ್ಲ ಎಂದು.

ಅಂಗೈಯಲ್ಲಿ ಇಟ್ಟುಕೊಂಡೆ. ಹೆಬ್ಬೆರಳಿನ ಉಗುರಿನಷ್ಟು. ಕಣ್ಣು, ಕಾಲು, ಬಾಲ ಎಲ್ಲ ಆಗಿತ್ತು. ಬೆರಳು ಒದ್ದೆ ಮಾಡಿ ಬೆನ್ನನ್ನು ಮೆಲ್ಲಗೆ ತೊಳೆದೆ.

ಬೆನ್ನ ಮೇಲೆ ಮೂರು ಉಬ್ಬುಗೆರೆ.

ಮತ್ತೆ ತೊಳೆದೆ. ಮೂರು. ತಲೆಯಿಂದ ಬಾಲದ ತನಕ, ನೇಗಿಲು ಎಳೆದ ಹಾಗೆ.

ಮರಳಾಮೆಯ ಬೆನ್ನು ಒರೆಸಿದ ಸ್ಲೇಟಿನ ಹಾಗೆ ನುಣ್ಣಗೆ. ಮೊಟ್ಟೆಯೊಳಗಿದ್ದರೂ, ನೂರು ವರ್ಷ ಬದುಕಿದರೂ ನುಣ್ಣಗೆ. ಮೂರು ಉಬ್ಬುಗೆರೆ ಇರುವುದು ಕೆರೆಯಾಮೆಗೆ. ಯಾವ ಕೊಳದಲ್ಲಿ ಬೇಕಾದರೂ ಸಿಗುತ್ತದೆ.

ಇನ್ನೆರಡು ಬಿಡಿಸಿದೆ. ಮೂರು ಗೆರೆ. ಮೂರು ಗೆರೆ.

ಸತ್ತ ಮರಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸಂತೋಷ ಪಟ್ಟ ಪಾಪಿ ನಾನು. ಆ ಸಂತೋಷ ಬಹಳ ಹೊತ್ತು ಇರಲಿಲ್ಲ. ಮೇಷ್ಟ್ರು ಕದಿಯುವ ಮೊದಲೇ ಯಾರೋ ಕದ್ದಿದ್ದರು. ಜೀವವಿರುವ ಕೆರೆಯಾಮೆಯ ಮೊಟ್ಟೆಗಳನ್ನು, ನಮ್ಮವುಗಳಷ್ಟೇ ದಿನ ತುಂಬಿದವನ್ನು ಹುಡುಕಿ ತಂದು, ಮಚ್ಚೆಯ ನಟ್ಟನಡುವೆ ಗೆರೆ ಎಳೆದು ಇಟ್ಟಿದ್ದರು. ಪೆಟ್ಟಿಗೆಯ ಮರಳು ಸರಿಸಿ ನೋಡುವುದು ಸೋಮವಾರ ಮಾತ್ರ. ಎರಡು ಸೋಮವಾರ ನಾನು ಅವನ್ನು ನೋಡಿ, ಎಲ್ಲ ಸರಿಯಿದೆ ಎಂದು ಮರಳು ಮುಚ್ಚಿದ್ದೆ. ನನ್ನ ಕಣ್ಣನ್ನು ನನ್ನದೇ ಗೆರೆಯಿಂದ ಕಟ್ಟಿದ್ದರು.

ಅಂಥ ಗೆರೆ ಎಳೆಯುವ ಪೆನ್ಸಿಲ್ ಎರಡೇ ತುಂಡು. ಒಂದು ಸಾಹೇಬರ ಜೇಬಿನಲ್ಲಿದೆ.

ನೆರಳು ನನ್ನ ಮೇಲೆ ಬಿತ್ತು. ಸಾಹೇಬರು ಕೊಡೆ ಬಿಚ್ಚಿ ನಿಂತಿದ್ದರು. ಇಷ್ಟು ದಿನದಲ್ಲಿ ಅವರು ಅದನ್ನು ಬಿಚ್ಚಿದ್ದು ಅದೇ ಮೊದಲು.

“ಇವು ನಮ್ಮವಲ್ಲ,” ಎಂದೆ. ಮೂರು ಗೆರೆ ತೋರಿಸಿ ವಿವರಿಸಿದೆ. ಅವರು ಬಗ್ಗಿ ನೋಡಿದರು. ಹಾಗಾದರೆ ನಮ್ಮವು ಎಲ್ಲಿ ಎಂದು ಕೇಳುತ್ತಾರೆ ಎಂದು ಕಾದೆ. ಗೆರೆ ಎಳೆದದ್ದು ಯಾರು ಎಂದು ಕೇಳುತ್ತಾರೆ ಎಂದು ಕಾದೆ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ.

ಅವರು ಕೇಳಿದ್ದು ಬೇರೆ.

“ಇದನ್ನ ಯಾರಿಗೆಲ್ಲಾ ಹೇಳ್ತೀರಿ ಅಜ್ಜಿ?”

“ನಿಮಗೆ ಹೇಳಿದೆನಲ್ಲ.”

“ಸಾಕು. ಸೋಮವಾರದ ತನಕ ಅಷ್ಟೇ ಸಾಕು. ಡಾಕ್ಟರಮ್ಮನಿಗೆ ನಾನೇ ಹೇಳ್ತೀನಿ.”

ಮರಿಗಳನ್ನೂ ಚಿಪ್ಪುಗಳನ್ನೂ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಮೇಷ್ಟ್ರನ್ನು ಜೀಪಿಗೆ ಹತ್ತಿಸಿದರು. ಹೆಂಡತಿ ಜೀಪಿನ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಂತಳು.

*

ಮೈದುನನನ್ನು ನಾನು ಮಂಗಳವಾರದಿಂದ ಕಂಡಿರಲಿಲ್ಲ. ಮರಳು ತರಲು ಹೊಳೆಯ ಮೇಲಕ್ಕೆ ಹೋಗಿರಬೇಕು ಎಂದುಕೊಂಡಿದ್ದೆ. ಶುಕ್ರವಾರ ಸಂಜೆ ನಾಲ್ಕಕ್ಕೆ ಜನ ಸಾಗಿಸುವ ದೋಣಿ ಹತ್ತಿ ಆಚೆ ದಡದ ಅವನ ಮನೆಗೆ ಹೋದೆ. ಅವನ ದೋಣಿಯನ್ನು ಅಲ್ಲೇ ದಡಕ್ಕೆ ಎಳೆದು ಗೂಟಕ್ಕೆ ಕಟ್ಟಿತ್ತು. ಹುಟ್ಟುಗೋಲು ಒಳಗೇ ಇತ್ತು. ತಳದ ಹಲಗೆ ಒಣಗಿ ಬಿರಿಯುತ್ತಿತ್ತು. ಎರಡು ದಿನದಿಂದ ನೀರು ಕಂಡ ದೋಣಿಯಲ್ಲ ಅದು.

ಓರಗಿತ್ತಿ ಅಡುಗೆಮನೆಯಲ್ಲಿದ್ದಳು. ನನ್ನನ್ನು ನೋಡಿ, ಬಂದಿರಾ ಅಕ್ಕ ಎಂದು ಕಣ್ಣು ಒರೆಸಿಕೊಂಡಳು. ಹೊಗೆಗೋ ಬೇರೆಯದಕ್ಕೋ ತಿಳಿಯಲಿಲ್ಲ.

ನಾನು ಏನನ್ನೂ ಕೇಳಬೇಕಾಗಲಿಲ್ಲ. ಒಲೆಯ ಪಕ್ಕದ ಗೋಡೆಗೆ ತಾಗಿಸಿ ಇಟ್ಟ ಮರದ ಪೆಟ್ಟಿಗೆ ಕಂಡಿತು. ಒಳಗೆ ಮರಳು. ಮರಳಿನಲ್ಲಿ ಬಿಸಿ ನೋಡುವ ಗಾಜಿನ ಕಡ್ಡಿ. ಕೈ ಇಟ್ಟೆ. ನಮ್ಮ ಪೆಟ್ಟಿಗೆಯಷ್ಟೇ ಬೆಚ್ಚಗೆ. ಮೇಲಿನ ಮರಳನ್ನು ಬೆರಳಲ್ಲಿ ಸರಿಸಿದೆ. ಗುಂಡಗಿನ ತಗ್ಗುಗಳು ಸಾಲಾಗಿ ಕಂಡವು. ಎಣಿಸಿದೆ. ಹದಿನೇಳು. ಎಲ್ಲ ಖಾಲಿ.

ಅವಳು ತಾನಾಗಿ ಹೇಳತೊಡಗಿದಳು. ಮೂರು ವಾರದ ಹಿಂದೆ ಗುತ್ತಿಗೆದಾರನ ಕಡೆಯವರು ಕೋಳಿ ಮೇಷ್ಟ್ರನ್ನು ಮೈದುನನ ದೋಣಿಯಲ್ಲೇ ಕೂರಿಸಿಕೊಂಡು ಮಾತಾಡಿದ್ದರು. ದೋಣಿ ನಡೆಸುವವನಿಗೂ ಕಿವಿ ಇದೆ ಎಂದು ಅವರಿಗೆ ಅನ್ನಿಸಲಿಲ್ಲ. ಅಂದಿನಿಂದ ಈ ಪೆಟ್ಟಿಗೆ ಇಲ್ಲಿದೆ. ಒಲೆ ಆರಬಾರದು, ಉರಿ ಹೆಚ್ಚಬಾರದು, ಬಾಗಿಲು ಜೋರಾಗಿ ಹಾಕಬಾರದು.

“ನನ್ನ ಮೂರು ಹೆರಿಗೆಗೂ ಸೇರಿಸಿ ಅವರು ಇಷ್ಟು ಕಾವಲು ಕೂತಿಲ್ಲ ಅಕ್ಕ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಬೇಡ ಅಂದ್ರು. ಅತ್ತಿಗೆಗೆ ಸುಳ್ಳು ಹೇಳೋಕೆ ಬರಲ್ಲ, ಯಾರು ಕೇಳಿದ್ರೂ ಹೇಳಿಬಿಡ್ತಾಳೆ ಅಂದ್ರು. ಸೋಮವಾರ ನಾನೇ ನ್ಯಾಯಾಲಯಕ್ಕೆ ಹೊತ್ತುಕೊಂಡು ಹೋಗ್ತೀನಿ ಅಂತಿದ್ರು.”

ನಾನು ಪೆಟ್ಟಿಗೆಯ ಅಂಚು ಹಿಡಿದು ಕೂತೆ. ಬೇಡಿಕೊಂಡದ್ದು ಸಿಕ್ಕಿತ್ತು. ಕದ್ದವನು ಅವನೇ. ಮೊಟ್ಟೆಗಳು ಬದುಕಿದ್ದವು.

“ಈಗ ಎಲ್ಲಿ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

“ನೀವೇ ಅಲ್ವಾ ಅಕ್ಕ ಕರೆಸಿಕೊಂಡಿದ್ದು?”

“ನಾನಾ?”

“ನೀವು ಕಳಿಸಿದ್ದು ಅಂತಲೇ ಹೇಳಿದ್ರು ಬಂದೋರು. ಇಲ್ಲಿ ಅಪಾಯ, ಬೇರೆ ಕಡೆ ಇಡಬೇಕು ಅಂತ ನಿಮ್ಮ ಅತ್ತಿಗೆ ಹೇಳಿದ್ದಾರೆ ಅಂದ್ರು. ಇವರು ನಂಬಲಿಲ್ಲ. ಆಮೇಲೆ ಅವರು ಜೇಬಿಂದ ನಿಮ್ಮ ಪೆನ್ಸಿಲ್ ತೆಗೆದು ತೋರಿಸಿದ್ರು. ಇವರು ತಮ್ಮ ತುಂಡು ತಂದು ಜೋಡಿಸಿ ನೋಡಿದ್ರು. ಮುರಿದ ಕಡೆ ಸರಿಯಾಗಿ ಕೂತ್ಕೊಳ್ತು. ಅದಾದ ಮೇಲೆ ಒಂದು ಮಾತೂ ಆಡಲಿಲ್ಲ, ಹೊರಟುಬಿಟ್ರು.”

ಎದ್ದು ಹಿತ್ತಲ ಬಾಗಿಲಿಗೆ ಬಂದೆ. ಅಂಗಳದ ತುಂಬ ಹೊಳೆಯ ಮರಳು. ಇಳಿಬಿಸಿಲಿಗೆ ಅಷ್ಟೂ ಮಿನುಗುತ್ತಿತ್ತು. ಬಾಗಿಲಿನಿಂದ ಗೇಟಿನ ತನಕ ಎರಡು ಜೊತೆ ಹೆಜ್ಜೆ ಇನ್ನೂ ಅಳಿಸಿರಲಿಲ್ಲ. ಒಂದು ಜೊತೆ ನನ್ನ ಮೈದುನನ ಬರಿಗಾಲು, ಭಾರ ಹೊತ್ತವನದು, ಒಂದೊಂದೂ ಅಳೆದು ಇಟ್ಟದ್ದು. ಇನ್ನೊಂದು ಜೊತೆ ಬೂಟು. ಬೂಟಿನ ಪಕ್ಕದಲ್ಲಿ ಉದ್ದಕ್ಕೂ, ಎರಡು ಹೆಜ್ಜೆಗೊಂದರಂತೆ, ಬೆರಳು ತೂರುವಷ್ಟು ಸಣ್ಣ ಗುಂಡಗಿನ ತೂತು.

ಬಗ್ಗಿ ಒಂದು ಚಿಟಿಕೆ ಮರಳು ತೆಗೆದು ಉಜ್ಜಿ ನೋಡಿದೆ. ಬೆರಳಿಗೆ ಕಾಗೆಬಂಗಾರ ಅಂಟಿತು.

ಯಾವ ದಿನ ಎಂದು ಕೇಳಿದೆ. ಕೇಳುವ ಅಗತ್ಯ ಇರಲಿಲ್ಲ. ಆದರೂ ಅವಳ ಬಾಯಿಂದ ಕೇಳಬೇಕಿತ್ತು.

ಬುಧವಾರ, ಬಿಸಿಲು ಏರುವ ಮೊದಲು, ನನ್ನ ಮೈದುನ ಹದಿನೇಳು ಮೊಟ್ಟೆಗಳ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಕೊಡೆ ಸಾಹೇಬರ ಜೀಪಿನಲ್ಲಿ ಕೂತು ಹೋದ. ಗುರುವಾರ ಸಾಹೇಬರು ಒಬ್ಬರೇ ಹಿಂದಿರುಗಿದರು.